ರಂಗದ ಹಿಂದಿನಿಂದ: ಮುರಿದ ಸ್ಟೂಲೂ ವಾಪಸ್ ಬರಬೇಕು

ಕಳೆದ ತಿಂಗಳು ಈ ಅಂಕಣದ ಕೊನೆಗೆ ‘ಎರಡು ದೇಶಗಳ ನಡುವೆ ಓಡಾಡುವ ನಾಟಕ ತಂಡಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ’ ಅಂತ ಒಂದು ಸಾಲು ಹಾಕಿದ್ದೆ. ನಾಲ್ಕಾರು ಪತ್ರ ಬರಬಹುದು ಅಂದುಕೊಂಡಿದ್ದೆ. ಒಂದು ಚೀಲದಷ್ಟು ಬಂದಿವೆ.

ಹೊಸಬರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಟಿಸಿದವಳಲ್ಲ, ನಿರ್ದೇಶಿಸಿದವಳೂ ಅಲ್ಲ. ಹತ್ತೊಂಬತ್ತು ವರ್ಷದಿಂದ ಒಂದು ಸಣ್ಣ ತಂಡಕ್ಕೆ ಸ್ಟೇಜ್ ಮ್ಯಾನೇಜರ್. ತಂಡದ ಅರ್ಧ ಜನ ಗಡಿಯ ಒಂದು ಬದಿಗೆ, ಅರ್ಧ ಜನ ಇನ್ನೊಂದು ಬದಿಗೆ. ಐವರಿಂದ ಶುರುವಾದದ್ದು ಈಗ ಒಂಬತ್ತಕ್ಕೆ ಬಂದು ನಿಂತಿದೆ. ಹತ್ತೊಂಬತ್ತು ವರ್ಷಕ್ಕೆ ನಾಲ್ಕೇ ಜನ ಜಾಸ್ತಿ! ಇಂಥವಳ ಹತ್ತಿರ ತಂಡ ಬೆಳೆಸುವುದು ಹೇಗೆ ಅಂತ ಕೇಳುತ್ತಿದ್ದೀರಿ. ನೋಡೋಣ.

ಪ್ರಶ್ನೆ: ಮೇಡಂ, ನಾವು ಐದು ಜನ. ಮೂವರು ಒಂದು ದೇಶದಲ್ಲಿ, ಇಬ್ಬರು ಪಕ್ಕದ ದೇಶದಲ್ಲಿ ಇದ್ದೇವೆ. ಮೊದಲ ನಾಟಕ ಹದಿನಾಲ್ಕು ಶೋ ಆಯಿತು. ಈಗ ಬೆಳೆಯಬೇಕು ಅಂತ ಆಸೆ. ಜನ ಸೇರಿಸಿಕೊಳ್ಳಬೇಕಾ, ದೊಡ್ಡ ನಾಟಕಕ್ಕೆ ಕೈಹಾಕಬೇಕಾ, ಇನ್ನಷ್ಟು ದೇಶಗಳಿಗೆ ಹೋಗಬೇಕಾ?

ಸದ್ಯಕ್ಕೆ ಮೂರೂ ಬೇಡ. ಒಂದು ಹಾಳೆ ತೆಗೆದುಕೊಳ್ಳಿ. ಆ ಹದಿನಾಲ್ಕು ಶೋ ಎಲ್ಲೆಲ್ಲಿ ಆಯಿತು ಅಂತ ಬರೆಯಿರಿ. ಯಾವ ಯಾವ ಕಡೆಯಿಂದ ಎರಡನೇ ಸಲ ಕರೆ ಬಂತು ಅಂತ ಪಕ್ಕದಲ್ಲಿ ಗುರುತು ಹಾಕಿ. ಶೋ ಮುಗಿದ ಮೇಲೆ ಕೈಕುಲುಕಿ ‘ಮತ್ತೆ ಬನ್ನಿ’ ಅಂದದ್ದನ್ನು ಸೇರಿಸಬೇಡಿ, ಅದನ್ನು ಎಲ್ಲರಿಗೂ ಹೇಳುತ್ತಾರೆ. ತಾರೀಖು ಹೇಳಿ ಕರೆದವರನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ನಮ್ಮದು ಮೊದಲ ಐದು ವರ್ಷ ಬರೀ ಓಟ. ಹನ್ನೊಂದು ಊರು ಮುಗಿಸಿದ್ದೆವು. ತಾಲೀಮಿನ ಕೋಣೆಯ ಗೋಡೆಗೆ ನಕ್ಷೆ ಅಂಟಿಸಿ, ಹೋದ ಕಡೆಗೆಲ್ಲ ಪಿನ್ನು ಚುಚ್ಚಿದ್ದೇ ಚುಚ್ಚಿದ್ದು. ಆಮೇಲೆ ಒಂದು ಊರಿಗೆ ಎರಡನೇ ಸಲ ಹೋದೆವು. ಅಲ್ಲಿನ ಲೈಟಿಂಗ್‌ನವರು ಏಣಿಯ ಮೇಲಿಂದಲೇ ಬಗ್ಗಿ ನೋಡಿ, ‘ನೀವು ಮೊದಲು ಯಾವತ್ತಾದರೂ ಬಂದಿದ್ದಿರಾ?’ ಅಂತ ಕೇಳಿದರು. ಮೂರು ವರ್ಷದ ಹಿಂದೆ ಅದೇ ರಂಗದ ಮೇಲೆ ಅವರ ಜೊತೆ ರಾತ್ರಿ ಎರಡರವರೆಗೆ ಲೈಟು ಕಟ್ಟಿದ್ದೆವು. ಅವರಿಗೆ ನೆನಪೇ ಇಲ್ಲ. ವಾಪಸ್ ಬಂದವಳು ಪಿನ್ನುಗಳನ್ನೆಲ್ಲ ಕಿತ್ತುಹಾಕಿದೆ.

ಆರನೇ ವರ್ಷದಿಂದ ಮೂರೇ ಊರು ಇಟ್ಟುಕೊಂಡೆವು. ಪ್ರತಿ ವರ್ಷ ಅಲ್ಲಿಗೇ. ಒಂದೇ ರಾತ್ರಿಗೆ ಬಂದು ಹೋಗುವ ಪದ್ಧತಿ ಬಿಟ್ಟು ನಾಲ್ಕು ರಾತ್ರಿ ಉಳಿದೆವು. ಹಗಲು ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಕೆಲಸ ಮಾಡಿದೆವು. ಮೂರನೇ ವರ್ಷ ಏನಾಯಿತು ಅಂದರೆ, ಕಳೆದ ಸಲ ಮುದುಕನ ಪಾತ್ರ ಮಾಡಿದ್ದ ನಮ್ಮ ಹುಡುಗ ಈ ಸಲ ಹೆಂಗಸಿನ ವೇಷದಲ್ಲಿ ಬಂದಾಗ ಅವನು ಬಾಯಿ ತೆರೆಯುವ ಮೊದಲೇ ಪ್ರೇಕ್ಷಕರು ಗುರುತು ಹಿಡಿದು ನಕ್ಕರು. ಸೈಡ್ ವಿಂಗಿನಲ್ಲಿ ನಿಂತಿದ್ದ ನನಗೆ ಆ ನಗು ಕೇಳಿ, ಈಗ ತಂಡ ಅಂತ ಒಂದಾಯಿತು ಅನ್ನಿಸಿತು.

ಆಗ ಸೇರಿಸಿಕೊಂಡ ಆರನೆಯವರು ಯಾರು ಗೊತ್ತಾ? ನಟರಲ್ಲ. ಪತ್ರಕ್ಕೆ ಉತ್ತರ ಬರೆದು, ವೀಸಾ ಅರ್ಜಿ ತುಂಬಿ, ಲೆಕ್ಕ ಇಡುವವರು. ಅಲ್ಲಿಯವರೆಗೆ ಆ ಕೆಲಸವನ್ನು ನಾನೂ ನಿರ್ದೇಶಕರೂ ರಾತ್ರಿ ಹೊತ್ತು ಮಾಡುತ್ತಿದ್ದೆವು, ತಪ್ಪು ತಪ್ಪಾಗಿ.

ಓಡಿನ್ ತಂಡದ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅದರ ನಿರ್ದೇಶಕ ಯುಜೇನಿಯೊ ಬಾರ್ಬಾ ಇಟಲಿಯವರು. 1964ರಲ್ಲಿ ನಾರ್ವೆಯ ಓಸ್ಲೋದಲ್ಲಿ ತಂಡ ಕಟ್ಟಿದರು. ಸರ್ಕಾರಿ ನಾಟಕ ಶಾಲೆಯಲ್ಲಿ ಸೀಟು ಸಿಗದ ಹುಡುಗ ಹುಡುಗಿಯರನ್ನು ಹುಡುಕಿಕೊಂಡು ಹೋಗಿ ಸೇರಿಸಿಕೊಂಡರು. ಎರಡೇ ವರ್ಷಕ್ಕೆ, 1966ರಲ್ಲಿ, ಡೆನ್ಮಾರ್ಕಿನ ಹೋಲ್‌ಸ್ಟೆಬ್ರೊ ಅನ್ನುವ ಸಣ್ಣ ಊರು ಅವರಿಗೆ ಒಂದು ಹಳೇ ತೋಟದ ಮನೆ ಕೊಡುತ್ತೇನೆ ಅಂತು. ತಂಡ ಗಡಿ ದಾಟಿ ಅಲ್ಲಿಗೆ ಹೋಯಿತು. ಭಾಷೆ ಬೇರೆ, ನಟರು ಬೇರೆ ಬೇರೆ ದೇಶದವರು. ಮಾತಿನ ಮೇಲೆ ನಾಟಕ ನಿಲ್ಲಿಸುವ ಹಾಗಿರಲಿಲ್ಲ. ಮೈಯಿಂದ, ಧ್ವನಿಯಿಂದ ಕಟ್ಟುವ ಅವರ ರೀತಿ ಗಟ್ಟಿಯಾಗುವುದಕ್ಕೆ ಅದೂ ಒಂದು ಕಾರಣ. ಜಗತ್ತೆಲ್ಲ ಸುತ್ತಿದರು, ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮರಳಿ ಬಂದದ್ದು ಅದೇ ತೋಟದ ಮನೆಗೆ. ನಿಮಗೂ ಅಂಥ ಒಂದು ಕೋಣೆ ಬೇಕು. ಗಡಿಯ ಯಾವ ಬದಿಗೆ ಸಿಕ್ಕರೂ ಆದೀತು.

ಪ್ರಶ್ನೆ: ನಮ್ಮ ಸೆಟ್ ಚಿಕ್ಕದು. ಆರು ಸ್ಟೂಲು, ಒಂದು ಏಣಿ, ಎರಡು ಪೆಟ್ಟಿಗೆ ಬಟ್ಟೆ, ಒಂದು ಪ್ರೊಜೆಕ್ಟರ್. ಗಡಿಯಲ್ಲಿ ಅರ್ಧ ದಿನ ನಿಲ್ಲಿಸಿದರು, ಶೋ ತಪ್ಪುವುದರಲ್ಲಿತ್ತು. ಮುಂದೆ ಹೀಗಾಗದ ಹಾಗೆ ಏನು ಮಾಡಬೇಕು?

ಈ ಪ್ರಶ್ನೆ ಬಂದದ್ದು ಬಹಳ ಒಳ್ಳೆಯದಾಯಿತು. ಕಲೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ಪೆಟ್ಟಿಗೆಯ ಬಗ್ಗೆ ಬರೆಯುವವರು ಕಡಿಮೆ.

ಆರು ಸ್ಟೂಲು ನಿಮಗೆ ರಂಗಪರಿಕರ. ಕಸ್ಟಮ್ಸ್‌ನವರಿಗೆ ಅದು ಒಳಗೆ ಬಂದ ಆರು ಸ್ಟೂಲು, ಅಷ್ಟೇ. ಮಾರಿಬಿಟ್ಟರೆ? ಅದಕ್ಕೇ ಸುಂಕ ಕಟ್ಟಿ, ಇಲ್ಲವೇ ಠೇವಣಿ ಇಡಿ ಅನ್ನುತ್ತಾರೆ. ಇದರಿಂದ ಪಾರಾಗುವುದಕ್ಕೆ ಇರುವುದು ಎಟಿಎ ಕಾರ್ನೆ ಅನ್ನುವ ಕಾಗದಪತ್ರ. 1961ರಲ್ಲಿ ಬ್ರಸೆಲ್ಸ್‌ನಲ್ಲಿ ಆದ ಒಪ್ಪಂದ ಇದರ ಮೂಲ. ಸಾಮಾನಿಗೆ ಪಾಸ್‌ಪೋರ್ಟ್ ಇದ್ದ ಹಾಗೆ ಅಂದುಕೊಳ್ಳಿ. ಒಯ್ಯುವ ಸಾಮಾನನ್ನೆಲ್ಲ ಅದರಲ್ಲಿ ಪಟ್ಟಿ ಮಾಡಬೇಕು. ನಿಮ್ಮ ದೇಶದಲ್ಲಿ ಅಧಿಕಾರ ಪಡೆದ ವಾಣಿಜ್ಯ ಮಂಡಳಿ ಕೊಡುತ್ತದೆ. ಒಂದು ಭದ್ರತೆ ಇಡಬೇಕು. ಒಂದು ವರ್ಷ ನಡೆಯುತ್ತದೆ. ಎರಡೂ ದೇಶ ಈ ವ್ಯವಸ್ಥೆಯಲ್ಲಿ ಇರಬೇಕು. ಕೆಲವು ದೇಶಗಳು ಎಲ್ಲ ಬಗೆಯ ಸಾಮಾನಿಗೂ ಒಪ್ಪುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಯುರೋಪಿಯನ್ ಒಕ್ಕೂಟದ ಒಳಗೇ ತಿರುಗುವವರಿಗೆ ಇದರ ಗೊಡವೆಯಿಲ್ಲ, ಸುಂಕದ ಮಟ್ಟಿಗೆ ಅದೆಲ್ಲ ಒಂದೇ ಅಂಗಳ. ಬ್ರಿಟನ್ ಹೊರಬಂದ ಮೇಲೆ, 2021ರಿಂದ, ಅಲ್ಲಿನ ತಂಡಗಳು ಮತ್ತೆ ಈ ಪಟ್ಟಿ ಬರೆಯುವುದನ್ನು ಕಲಿಯಬೇಕಾಯಿತು.

ಕಾರ್ನೆಗೆ ಹಸಿರು ಹೊದಿಕೆ. ಒಳಗೆ ಹಳದಿ, ಬಿಳಿ, ನೀಲಿ ಹಾಳೆಗಳು. ನಿಮ್ಮ ದೇಶ ಬಿಡುವಾಗ, ಮರಳುವಾಗ ಹಳದಿ. ಆಚೆಯ ದೇಶಕ್ಕೆ ಹೊಕ್ಕುವಾಗ, ಹೊರಡುವಾಗ ಬಿಳಿ. ನಡುವೆ ಯಾವುದಾದರೂ ದೇಶವನ್ನು ಸುಮ್ನೆ ಹಾದುಹೋಗುವುದಿದ್ದರೆ ನೀಲಿ. ಪ್ರತಿ ಸಲವೂ ಮುದ್ರೆ ಬೀಳಬೇಕು. ರಾತ್ರಿ ಮೂರು ಗಂಟೆಗೆ ಗೇಟು ತೆರೆದೇ ಇದೆ, ಕಿಟಕಿಯಲ್ಲಿ ಯಾರೂ ಇಲ್ಲ ಅಂತ ಮುಂದೆ ಹೋಗಿಬಿಟ್ಟಿರೋ, ಸಾಮಾನು ಇನ್ನೂ ಅಲ್ಲೇ ಇದೆ ಅಂತ ಲೆಕ್ಕ. ತಿಂಗಳುಗಟ್ಟಲೆ ಆದಮೇಲೆ ಸುಂಕದ ಚೀಟಿ ಬರುತ್ತದೆ.

ಪಟ್ಟಿಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನ್ನದೇ ಒಂದು ಕಥೆ ಇದೆ. ಕ್ರಮಸಂಖ್ಯೆ 17: ಮರದ ಸ್ಟೂಲು, 6. ಕೊನೆಯ ಶೋನಲ್ಲಿ ನಮ್ಮ ನಟ ಸ್ಟೂಲಿನ ಮೇಲಿಂದ ಹಾರುವಾಗ ಅದರ ಒಂದು ಕಾಲು ಕಿತ್ತು ಬಂತು. ಪ್ರೇಕ್ಷಕರು ಅದೂ ನಾಟಕದ್ದೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ಸೆಟ್ ಬಿಚ್ಚುವಾಗ, ಹೊಸದಾಗಿ ಸೇರಿದ್ದ ಹುಡುಗ ಮುರಿದ ಸ್ಟೂಲನ್ನು ರಂಗಮಂದಿರದ ಹಿಂದಿನ ಕಸದ ಡಬ್ಬಕ್ಕೆ ಹಾಕಿದ. ಅವನ ತಪ್ಪಲ್ಲ. ನಾನು ಅವನಿಗೆ ಹೇಳಿರಲೇ ಇಲ್ಲ.

ಬೆಳಗ್ಗೆ ಗಡಿಯಲ್ಲಿ ಅಧಿಕಾರಿ ಸ್ಟೂಲುಗಳನ್ನು ಸಾಲಾಗಿ ಇಡಿಸಿದರು. ಪೆನ್ನಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತಾ ಎಣಿಸಿದರು. ಐದು. ಮತ್ತೆ ಆ ತುದಿಯಿಂದ ಎಣಿಸಿದರು. ಐದೇ. ಮುರಿಯಿತು, ಬಿಸಾಡಿದೆವು ಅಂದೆ. ‘ಮುರಿದದ್ದನ್ನು ತೋರಿಸಿ’ ಅಂದರು. ವ್ಯಾನನ್ನು ಅಲ್ಲೇ ಬಿಟ್ಟು, ಬಾಡಿಗೆ ಕಾರು ಹಿಡಿದು, ನಲವತ್ತು ನಿಮಿಷ ಹಿಂದಕ್ಕೆ ಹೋದೆ. ಪುಣ್ಯಕ್ಕೆ ಕಸದ ಗಾಡಿ ಇನ್ನೂ ಬಂದಿರಲಿಲ್ಲ. ಸ್ಟೂಲು ಮೇಲೇ ಇತ್ತು, ಕಾಲು ಮಾತ್ರ ತಳ ಸೇರಿತ್ತು. ಅದನ್ನು ಹೇಗೆ ತೆಗೆದೆ ಅಂತ ಇಲ್ಲಿ ಬರೆಯುವುದಿಲ್ಲ. ಗೋಣಿಚೀಲದಲ್ಲಿ ಎರಡನ್ನೂ ತಂದು ಅಧಿಕಾರಿಯ ಮುಂದೆ ಸುರಿದೆ. ಅವರು ಮೊಣಕಾಲೂರಿ ಕೂತು, ಕಾಲನ್ನು ಅದರ ತೂತಿಗೆ ಸಿಕ್ಕಿಸಿ, ಸ್ಟೂಲನ್ನು ಸಾಲಿನ ಕೊನೆಗೆ ನಿಲ್ಲಿಸಿದರು. ವಾಲುತ್ತಾ ನಿಂತಿತು. ‘ಆರು’ ಅಂದರು. ಮುದ್ರೆ ಒತ್ತಿದರು. ಒಂದು ಚೂರೂ ನಗಲಿಲ್ಲ.

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಎಷ್ಟೋ ನಟರಿಗಿಂತ ಅವರು ಪರಿಕರವನ್ನು ಗೌರವದಿಂದ ನೋಡಿದರು.

ಇನ್ನು ಕೆಲವು ಸಣ್ಣ ವಿಷಯ. ಬಳಸಿ ಮುಗಿದುಹೋಗುವ ಸಾಮಾನು ಕಾರ್ನೆಯಲ್ಲಿ ಬರುವುದಿಲ್ಲ: ಮೇಕಪ್ಪು, ಬಣ್ಣ, ಟೇಪು, ಹಂಚುವ ಕರಪತ್ರ. ಆದಷ್ಟು ಅಲ್ಲೇ ಕೊಳ್ಳಿ. ಪ್ರೊಜೆಕ್ಟರ್, ಸೌಂಡ್ ಮಿಕ್ಸರ್‌ಗಳಿಗೆ ಸೀರಿಯಲ್ ನಂಬರ್ ಬರೆಯಿರಿ. ಪೆಟ್ಟಿಗೆ ಇಡೀ ಮರದ ಹಲಗೆಯದ್ದಾದರೆ ಇನ್ನೊಂದು ತಾಪತ್ರಯ. ಮರದೊಳಗಿನ ಹುಳ ದೇಶ ದಾಟಬಾರದು ಅಂತ ಐಎಸ್‌ಪಿಎಂ 15 ಅನ್ನುವ ನಿಯಮ ಇದೆ. ಮರದ ನಡುಭಾಗದವರೆಗೂ 56 ಡಿಗ್ರಿ ಸೆಲ್ಸಿಯಸ್ ಕಾವು 30 ನಿಮಿಷ ತಾಗಿರಬೇಕು, ಅಥವಾ ಒಪ್ಪಿತವಾದ ಬೇರೆ ಉಪಚಾರ ಆಗಿರಬೇಕು. ಆದದ್ದಕ್ಕೆ ಮರದ ಮೇಲೆ ಗುರುತು ಬೇಕು. ಪ್ಲೈವುಡ್‌ಗೆ ಈ ನಿಯಮ ಇಲ್ಲ. ನಮ್ಮ ಪೆಟ್ಟಿಗೆಗಳೆಲ್ಲ ಪ್ಲೈವುಡ್ ಆದದ್ದು ಹೀಗೆ. ವಿದ್ಯುತ್ತನ್ನೂ ಕೇಳಿಕೊಳ್ಳಿ. 230 ವೋಲ್ಟಿನ ಬಲ್ಬನ್ನು 120 ವೋಲ್ಟಿನ ದೇಶದಲ್ಲಿ ಹಚ್ಚಿದರೆ ಮಿಣುಕು ಹುಳದ ಬೆಳಕು. ಉಲ್ಟಾ ಮಾಡಿದರೆ ‘ಫಟ್’.

ಎಲ್ಲಕ್ಕಿಂತ ಒಳ್ಳೆಯದು ಸಾಮಾನೇ ಕಡಿಮೆ ಮಾಡಿಕೊಳ್ಳುವುದು. ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ 1972ರ ಡಿಸೆಂಬರಿನಲ್ಲಿ ತಮ್ಮ ಪ್ಯಾರಿಸಿನ ತಂಡ ಕಟ್ಟಿಕೊಂಡು ಆಫ್ರಿಕಾದ ಉದ್ದಕ್ಕೂ ಹೊರಟಾಗ ರಂಗ ಅಂತ ಇದ್ದದ್ದು ಒಂದು ಜಮಖಾನೆ. ಹಳ್ಳಿಯಲ್ಲಿ ಇಳಿಯುವುದು, ಹಾಸುವುದು, ಆಡುವುದು. ಅದೇ ಬ್ರೂಕ್ 1985ರಲ್ಲಿ ಫ್ರಾನ್ಸಿನ ಅವಿನ್ಯಾನ್ ನಾಟಕೋತ್ಸವಕ್ಕೆ ಕಲ್ಲುಗಣಿಯೊಂದರಲ್ಲಿ ಒಂಬತ್ತು ಗಂಟೆಯ ಮಹಾಭಾರತ ಆಡಿಸಿದರು. ಹಲವು ದೇಶದ ನಟರು, ದ್ರೌಪದಿಯಾಗಿ ಮಲ್ಲಿಕಾ ಸಾರಾಭಾಯಿ. ಜಮಖಾನೆಯಿಂದ ಅಲ್ಲಿಗೆ ಬರುವುದಕ್ಕೆ ಹದಿಮೂರು ವರ್ಷ ಹಿಡಿಯಿತು, ಅದೂ ಬ್ರೂಕ್ ಅಂಥವರಿಗೆ.

ಪ್ರಶ್ನೆ: ನಮ್ಮ ಎರಡು ದೇಶಗಳ ಭಾಷೆ ಬೇರೆ ಬೇರೆ. ಯಾವ ಭಾಷೆಯಲ್ಲಿ ನಾಟಕ ಆಡಬೇಕು? ಪರದೆಯ ಮೇಲೆ ಅನುವಾದದ ಸಾಲು ಹಾಕಿದರೆ ಸಾಕಾ?

ಸಾಲು ಹಾಕುವುದು ಸಾಕು, ಆದರೆ ಅದು ಬರೀ ಅನುವಾದದ ಕೆಲಸ ಅಂದುಕೊಂಡರೆ ಕೆಟ್ಟಿರಿ.

ನಮ್ಮ ಎರಡನೇ ನಾಟಕದಲ್ಲಿ ಒಂದು ದೊಡ್ಡ ತಮಾಷೆಯ ಮಾತಿತ್ತು. ನಟ ನಿಧಾನಕ್ಕೆ ಕಟ್ಟಿಕೊಂಡು ಹೋಗಿ ಕೊನೆಯ ಪದಕ್ಕೆ ಪಟ್ಟನೆ ಬಿಡುತ್ತಿದ್ದ. ಈಚೆ ಬದಿಗೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಆಚೆ ಬದಿಯ ಮೊದಲ ಶೋನಲ್ಲಿ ಅವನು ಇನ್ನೂ ಅರ್ಧ ಮಾತಿನಲ್ಲಿದ್ದಾನೆ, ಜನ ಆಗಲೇ ನಕ್ಕುಬಿಟ್ಟರು. ಪೂರ್ತಿ ಸಾಲನ್ನು ಒಟ್ಟಿಗೇ ಪರದೆಯ ಮೇಲೆ ಹಾಕಿದ್ದೆವು, ಅವರು ಓದಿ ಮುಗಿಸಿದ್ದರು. ನಟ ಕೊನೆಯ ಪದ ಹೇಳಿದಾಗ ಸಭೆ ಸ್ಮಶಾನ ಮೌನ. ಗ್ರೀನ್ ರೂಮಿಗೆ ಬಂದವನು ನನ್ನ ಮುಖ ನೋಡಲಿಲ್ಲ. ಮಾರನೇ ದಿನ ಆ ಸಾಲನ್ನು ಮೂರು ತುಂಡು ಮಾಡಿದೆ. ಕೊನೆಯ ಪದದ ಮೊದಲು ಒಂದು ಖಾಲಿ ಸ್ಲೈಡ್ ಇಟ್ಟೆ. ಅವನು ಉಸಿರು ತೆಗೆದುಕೊಳ್ಳುವುದನ್ನೇ ಕಾಯುತ್ತಾ ಬಟನ್ ಮೇಲೆ ಬೆರಳಿಟ್ಟುಕೊಂಡು ಕೂತೆ. ಈಗಲೂ ಹಾಗೇ. ಆ ಬಟನ್ ಒತ್ತುವವರು ನಾಟಕದ ಇನ್ನೊಬ್ಬ ನಟರು. ಅವರನ್ನು ಮೊದಲ ತಾಲೀಮಿನಿಂದಲೇ ಕೂರಿಸಿ, ಕೊನೆಯ ವಾರ ಹಿಡಿದು ತರಬೇಡಿ.

ಒಂದು ಸಲಕ್ಕೆ ಎರಡು ಸಾಲು, ಸಾಲಿಗೆ ನಲವತ್ತು ಅಕ್ಷರದ ಆಸುಪಾಸು. ಅದಕ್ಕಿಂತ ಜಾಸ್ತಿಯಾದರೆ ಜನ ಪರದೆಯನ್ನೇ ಓದುತ್ತಾರೆ, ನಟರನ್ನು ನೋಡುವುದಿಲ್ಲ. ಎಲ್ಲ ಮಾತನ್ನೂ ಹಾಕಬೇಕಿಲ್ಲ. ‘ಹೋಗು’ ಅಂತ ಬಾಗಿಲು ತೋರಿಸಿದರೆ ಅದಕ್ಕೆ ಅನುವಾದ ಯಾಕೆ? ಈ ಪರದೆಯ ಸಾಲು ಬಂದದ್ದು ಆಪೆರಾದಿಂದ. ಟೊರಾಂಟೊದಲ್ಲಿ ಕೆನೆಡಿಯನ್ ಆಪೆರಾ ಕಂಪನಿ 1983ರ ಜನವರಿಯಲ್ಲಿ ‘ಎಲೆಕ್ಟ್ರಾ’ಕ್ಕೆ ಮೊದಲು ಹಾಕಿತು. ಅಲ್ಲಿ ಸಂಗೀತ ಸಮಯವನ್ನು ಕಟ್ಟಿಹಾಕಿರುತ್ತದೆ. ನಮ್ಮ ನಟರನ್ನು ಯಾರು ಕಟ್ಟಿಹಾಕುತ್ತಾರೆ?

ಭಾಷೆಯನ್ನೇ ನಾಟಕ ಮಾಡಿಕೊಳ್ಳುವ ದಾರಿಯೂ ಇದೆ. ಐರಿಶ್ ನಾಟಕಕಾರ ಬ್ರಯನ್ ಫ್ರೀಲ್ ಅವರ ‘ಟ್ರಾನ್ಸ್‌ಲೇಶನ್ಸ್’ ನಾಟಕ 1980ರ ಸೆಪ್ಟೆಂಬರ್ 23ರಂದು ಡೆರಿಯ ಗಿಲ್ಡ್‌ಹಾಲ್‌ನಲ್ಲಿ ಮೊದಲು ಆಡಿದ್ದು. ಕಥೆ ನಡೆಯುವುದು 1833ರ ಐರಿಶ್ ಹಳ್ಳಿಯಲ್ಲಿ. ಊರಿನವರು ಐರಿಶ್ ಮಾತಾಡುತ್ತಾರೆ, ನಕ್ಷೆ ಮಾಡಲು ಬಂದ ಸೈನಿಕರು ಇಂಗ್ಲಿಷ್ ಮಾತಾಡುತ್ತಾರೆ. ಆದರೆ ರಂಗದ ಮೇಲೆ ಎಲ್ಲರ ಬಾಯಲ್ಲೂ ಹೆಚ್ಚು ಕಡಿಮೆ ಇಂಗ್ಲಿಷೇ. ಪ್ರೇಕ್ಷಕರಿಗೆ ಇಬ್ಬರ ಮಾತೂ ತಿಳಿಯುತ್ತದೆ, ಪಾತ್ರಗಳಿಗೆ ಮಾತ್ರ ಒಬ್ಬರದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಸೆಟ್‌ ಬೇಡ, ಯಂತ್ರ ಬೇಡ, ಎಂಥ ಉಪಾಯ ನೋಡಿ.

ಪ್ರಶ್ನೆ: ಹಾಗಾದರೆ ಇದನ್ನೂ ಹೇಳಿ, ತಂಡದ ಎರಡು ಬದಿಯವರಲ್ಲಿ ಯಾರ ಹೆಸರು ಪೋಸ್ಟರಿನಲ್ಲಿ ಮೊದಲು ಬರಬೇಕು? ಇದೇ ಜಗಳಕ್ಕೆ ನಮ್ಮ ತಂಡ ಒಡೆಯುವ ಹಾಗಿದೆ.

ಜಗಳ ಪೋಸ್ಟರಿನದ್ದಲ್ಲ. ಯಾವ ಬದಿಯ ಹಣ ಜಾಸ್ತಿ ಬಂದಿದೆ ನೋಡಿ, ಅಲ್ಲಿರುತ್ತದೆ.

ಮೇಲೆ ಹೇಳಿದ ನಾಟಕ ಆಡಿದ್ದು ಫೀಲ್ಡ್ ಡೇ ತಂಡ. ಫ್ರೀಲ್ ಮತ್ತು ನಟ ಸ್ಟೀಫನ್ ರೇ ಸೇರಿ ಕಟ್ಟಿದ್ದು. ಡೆರಿ ಇರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಅಂಚಿನಲ್ಲಿ, ದಕ್ಷಿಣದ ಐರ್ಲೆಂಡ್ ಗಣರಾಜ್ಯದ ಗಡಿಗೆ ಹತ್ತಿರ. ಆ ಕಾಲದಲ್ಲಿ ಅಲ್ಲಿ ಗುಂಡಿನ ಸದ್ದು ನಿಂತಿರಲಿಲ್ಲ. ಅಂಥದ್ದರಲ್ಲಿ ತಂಡ ಉತ್ತರದ ಕಲಾ ಮಂಡಳಿಯಿಂದಲೂ ದಕ್ಷಿಣದ ಕಲಾ ಮಂಡಳಿಯಿಂದಲೂ ಹಣ ಪಡೆಯಿತು, ಎರಡೂ ಕಡೆ ತಿರುಗಾಟ ಮಾಡಿತು. ಒಂದೇ ಕಡೆಯ ಹಣದಲ್ಲಿ ನಿಂತಿದ್ದರೆ ‘ಅವರ ತಂಡ’ ಅನ್ನಿಸಿಕೊಳ್ಳುತ್ತಿತ್ತು.

ಬ್ರಿಟಿಷರು ಮತ್ತು ಜರ್ಮನರು ಸೇರಿರುವ ಗಾಬ್ ಸ್ಕ್ವಾಡ್ ತಂಡದ ದಾರಿ ಬೇರೆ. 1994ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ನೆಲೆಯಾಯಿತು. ಅಲ್ಲಿ ನಿರ್ದೇಶಕರು ಅಂತ ಒಬ್ಬರಿಲ್ಲ, ಎಲ್ಲರೂ ಸೇರಿ ಮಾಡುತ್ತಾರೆ. ಒಬ್ಬರ ಪಾತ್ರವನ್ನು ಇನ್ನೊಬ್ಬರು ಮಾಡುತ್ತಾರೆ, ಹಾಗಾಗಿ ಒಬ್ಬರು ಮನೆಯಲ್ಲಿ ಉಳಿದರೂ ಶೋ ನಿಲ್ಲುವುದಿಲ್ಲ. ನನಗೆ ಇದು ಬಹಳ ಇಷ್ಟ. ನಮ್ಮ ನಿರ್ದೇಶಕರ ಮುಂದೆ ಮಾತ್ರ ಹೇಳುವುದಿಲ್ಲ.

ಪೋಸ್ಟರಿಗೆ ನಾವು ಮಾಡಿರುವುದು ಇಷ್ಟೇ: ಯಾವ ಬದಿಗೆ ಶೋ ಇರುತ್ತದೋ ಅಲ್ಲಿ ಆಚೆ ಬದಿಯವರ ಹೆಸರು ಮೊದಲು. ಮನೆಗೆ ಬಂದವರನ್ನು ಮೊದಲು ಕೂರಿಸುವುದಿಲ್ಲವೇ, ಹಾಗೆ.

ಪ್ರಶ್ನೆ: ನಾವು ಸೇರುವುದು ವರ್ಷಕ್ಕೆ ಎರಡು ಸಲ. ಉಳಿದ ತಾಲೀಮೆಲ್ಲ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು. ಇದು ತಾಲೀಮೇನಾ?

ಬೆಲಾರುಸ್ ಫ್ರೀ ಥಿಯೇಟರ್‌ನವರನ್ನು ಕೇಳಿದರೆ ಹೌದು ಅಂದಾರು. ಬೆಲಾರುಸ್‌ನ ರಾಜಧಾನಿ ಮಿನ್ಸ್ಕ್‌ನಲ್ಲಿ 2005ರಲ್ಲಿ ಶುರುವಾದ ತಂಡ ಅದು. ಅಲ್ಲಿನ ಆಡಳಿತದ ಕಾಟಕ್ಕೆ ಕಟ್ಟಿದವರು ದೇಶ ಬಿಟ್ಟು 2011ರಿಂದ ಲಂಡನ್‌ನಲ್ಲಿ ಉಳಿದರು. ನಟರು ಮಿನ್ಸ್ಕ್‌ನಲ್ಲೇ ಇದ್ದರು. ವರ್ಷಗಟ್ಟಲೆ ಸ್ಕೈಪ್‌ನಲ್ಲೇ ನಿರ್ದೇಶನ ನಡೆಯಿತು. ಬೇರೆ ದಾರಿಯೇ ಇಲ್ಲದವರು ಹಾಗೆ ಮಾಡಿದರು. ನಿಮಗೆ ದಾರಿ ಇದ್ದರೆ ಸೇರಿ.

ನಮ್ಮ ಅನುಭವಕ್ಕೆ ಬಂದಂತೆ, ದೂರದಲ್ಲಿ ಕೂತು ಮಾತು ಓದಬಹುದು, ಕಿತ್ತುಹಾಕುವ ದೃಶ್ಯ ಯಾವುದು ಅಂತ ಜಗಳ ಆಡಬಹುದು, ಲೆಕ್ಕ ನೋಡಬಹುದು. ಒಬ್ಬರು ಇನ್ನೊಬ್ಬರ ಕೈಗೆ ಲೋಟ ಕೊಡುವ ದೃಶ್ಯವನ್ನು ಮಾತ್ರ ಮಾಡಲಾಗುವುದಿಲ್ಲ. ಹಾಗಾಗಿ ಸೇರಿದ ದಿನಗಳಲ್ಲಿ ನಾವು ಕೂತು ಮಾತಾಡುವುದೇ ಇಲ್ಲ, ಬೆಳಗಿನಿಂದ ನಿಂತೇ ಕೆಲಸ.

ದಿನಗಳನ್ನು ಎಣಿಸಲೂ ಕಲಿಯಿರಿ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ ಅಲ್ಪಾವಧಿ ವೀಸಾದಲ್ಲಿ ಹೋಗುವವರಿಗೆ ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ತಾಲೀಮಿಗೆ 60 ದಿನ ಕಳೆದುಬಿಟ್ಟರೆ ತಿರುಗಾಟಕ್ಕೆ ಉಳಿಯುವುದು 30. ವೀಸಾ ಇದ್ದಮಾತ್ರಕ್ಕೆ ಸಂಭಾವನೆ ಪಡೆದು ಆಡಬಹುದು ಅಂತಲೂ ಅಲ್ಲ, ಕೆಲಸದ ಪರವಾನಗಿ ಬೇರೆ, ದೇಶದಿಂದ ದೇಶಕ್ಕೆ ಬೇರೆ.

ದೂರವನ್ನೇ ನಾಟಕ ಮಾಡಿಕೊಂಡವರೂ ಇದ್ದಾರೆ. ಜರ್ಮನಿಯ ರಿಮಿನಿ ಪ್ರೋಟೋಕಾಲ್ ತಂಡ 2005ರಲ್ಲಿ ‘ಕಾಲ್ ಕಟ್ಟಾ’ ಅಂತ ಮಾಡಿತು. ಬರ್ಲಿನ್‌ನಲ್ಲಿ ಪ್ರೇಕ್ಷಕರ ಕೈಗೆ ಒಂದು ಮೊಬೈಲು. ಆಚೆ ತುದಿಯಲ್ಲಿ ಕೋಲ್ಕತ್ತದ ಕಾಲ್ ಸೆಂಟರಿನ ಉದ್ಯೋಗಿ. ಅವರು ‘ಎಡಕ್ಕೆ ತಿರುಗಿ, ಆ ಮನೆಯ ಹಿಂದೆ ಹೋಗಿ’ ಅಂತ ತಾವು ಕಾಣದ ಊರಿನಲ್ಲಿ ದಾರಿ ತೋರಿಸುತ್ತಾ ಕಥೆ ಹೇಳುತ್ತಾರೆ. ಒಬ್ಬರು ಆಡುವವರು, ಒಬ್ಬರು ನೋಡುವವರು, ನಡುವೆ ಅಷ್ಟು ದೇಶಗಳು. ಪೆಟ್ಟಿಗೆ ಒಂದೂ ಇಲ್ಲ! ನನ್ನ ಕೆಲಸಕ್ಕೆ ಸಂಚಕಾರ.

ಪ್ರಶ್ನೆ: ನನ್ನ ಮಗಳು ಇಂಥದ್ದೇ ಒಂದು ತಂಡ ಸೇರಿದ್ದಾಳೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ಹೊಟ್ಟೆಪಾಡಿಗೆ ಆಗುತ್ತದಾ ಅಂತ ಒಬ್ಬ ತಾಯಿ ಕೇಳುತ್ತಿದ್ದೇನೆ.

ಅಮ್ಮಾ, ಸುಳ್ಳು ಹೇಳುವುದಿಲ್ಲ. ಹೆಚ್ಚಿನವರು ಜೊತೆಗೆ ಇನ್ನೊಂದು ಕೆಲಸ ಮಾಡುತ್ತಾರೆ. ನಮ್ಮಲ್ಲಿ ಒಬ್ಬರು ಅನುವಾದ ಮಾಡುತ್ತಾರೆ, ಇಬ್ಬರು ಪಾಠ ಹೇಳುತ್ತಾರೆ. ನಾನು ಈ ಅಂಕಣ ಬರೆಯುತ್ತೇನೆ.

ಮಗಳಿಗೆ ಒಂದು ಮಾತು ಹೇಳಿ. ಬಹುಪಾಲು ತೆರಿಗೆ ಒಪ್ಪಂದಗಳಲ್ಲಿ ಕಲಾವಿದರ ಸಂಪಾದನೆಗೆ ಶೋ ನಡೆದ ದೇಶವೇ ತೆರಿಗೆ ಹಿಡಿಯಬಹುದು ಅಂತ ಇರುತ್ತದೆ. ಹಿಡಿದದ್ದಕ್ಕೆ ಪ್ರಮಾಣಪತ್ರವನ್ನು ಅಲ್ಲೇ, ಆವತ್ತೇ ಕೇಳಿ ಇಸಿದುಕೊಳ್ಳಲಿ. ಅದು ಕೈಯಲ್ಲಿದ್ದರೆ ತನ್ನ ದೇಶದ ಲೆಕ್ಕದಲ್ಲಿ ತೋರಿಸಬಹುದು. ವರ್ಷದ ಕೊನೆಗೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ. ನನಗೆ ಎರಡು ಸಲ ಹಾಗಾಗಿದೆ.

ಮತ್ತೆ, ಅವಳ ಶೋ ನೋಡಲು ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ಈ ಆಧುನಿಕ ನಾಟಕ ಅಂದರೆ ಕತ್ತಲೆಯಲ್ಲಿ ನಾಲ್ಕು ಜನ ಸ್ಟೂಲು ಹೊತ್ತು ತಿರುಗುವುದು. ನಮಗೆ ತಲೆಬುಡ ಗೊತ್ತಾಗುವುದಿಲ್ಲ. ಉತ್ಸವದವರಿಗೆ ಮಾತ್ರ ಗೊತ್ತಾಗುತ್ತದೆ ಅಂತ ಕಾಣುತ್ತದೆ.

ಹಿರಿಯರೇ, ಕೆಲವೊಮ್ಮೆ ನನಗೂ ಗೊತ್ತಾಗುವುದಿಲ್ಲ. ಕ್ಯೂ, ಅಂದರೆ ಸನ್ನೆ, ಕೊಡುತ್ತಿರುತ್ತೇನೆ, ಅರ್ಥ ಕೇಳಬೇಡಿ. ಆದರೂ ಬರೀ ಉತ್ಸವ ನಂಬಿದ ತಂಡ ಉಳಿಯುವುದಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಉತ್ಸವದಲ್ಲಿ ಪ್ರೇಕ್ಷಕರು ಉತ್ಸವದವರು, ನಮ್ಮವರಲ್ಲ. ನಿಮ್ಮ ಹಾಗೆ ಬೈದು ಪತ್ರ ಬರೆಯುವವರು ಎರಡನೇ ಸಲ ಬಂದವರೇ ಇರುತ್ತಾರೆ. ಮೊದಲ ಸಲ ಬಂದವರು ಸುಮ್ನೆ ಎದ್ದು ಹೋಗುತ್ತಾರೆ.

ಪ್ರಶ್ನೆ: ಅಕ್ಕಾ, ನನಗೆ ನಟನೆ ಬೇಡ, ನಿಮ್ಮ ಹಾಗೆ ಸ್ಟೇಜ್ ಮ್ಯಾನೇಜರ್ ಆಗಬೇಕು. ಮುಂದಿನ ತಿಂಗಳು ಮೊದಲ ಸಲ ತಂಡದ ಜೊತೆ ಗಡಿ ದಾಟುತ್ತೇನೆ. ಜೊತೆಗೆ ಏನೇನು ಇಟ್ಟುಕೊಳ್ಳಲಿ?

ಒಳ್ಳೆಯದಾಗಲಿ ಪುಟ್ಟಾ. ಟಾರ್ಚು ಎರಡು, ಒಂದು ಕೆಟ್ಟೇ ಕೆಡುತ್ತದೆ. ಕತ್ತಲಲ್ಲಿ ಹೊಳೆಯುವ ಟೇಪು, ಅಲ್ಲಿ ಕೊಂಡರೂ ಸರಿ. ಎಲ್ಲರ ಪಾಸ್‌ಪೋರ್ಟಿನ ನಕಲು ಕಾಗದದಲ್ಲಿ, ಫೋನಿನಲ್ಲಿ ಇರುವುದನ್ನು ನಂಬಬೇಡ. ನಾಟಕ ಬರೆದವರ ಒಪ್ಪಿಗೆ ಪತ್ರ; ಒಂದು ದೇಶಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದು ದೇಶಕ್ಕೂ, ಅನುವಾದಕ್ಕೂ ತಾನಾಗಿ ಸಿಗುವುದಿಲ್ಲ. ಆಚೆಯ ರಂಗಮಂದಿರದ ಕಾವಲುಗಾರರ ಹೆಸರು ಬರೆದುಕೊಂಡಿರು. ವ್ಯವಸ್ಥಾಪಕರ ಹೆಸರು ಎಲ್ಲರ ಹತ್ತಿರವೂ ಇರುತ್ತದೆ, ಬೀಗ ಇರುವುದು ಇವರ ಹತ್ತಿರ.

ಮತ್ತೆ ಪಟ್ಟಿಯ ಎರಡು ಪ್ರತಿ. ಸೆಟ್ ಬಿಚ್ಚುವ ಮೊದಲು ಎಲ್ಲರನ್ನೂ ನಿಲ್ಲಿಸಿ ಗಟ್ಟಿಯಾಗಿ ಓದು. ಹೊಸ ಹುಡುಗರು ಇದ್ದರೆ ಎರಡು ಸಲ ಓದು.

ಅಂದ ಹಾಗೆ ಆ ಸ್ಟೂಲಿಗೆ ಹೊಸ ಕಾಲು ಹಾಕಿಸಿದೆವು. ಹಳೇ ಕಾಲನ್ನು ಯಾಕೋ ಎಸೆಯಲು ಮನಸ್ಸು ಬರಲಿಲ್ಲ. ಈಗ ಪ್ರತಿ ಶೋ ಶುರುವಾಗುವ ಮೊದಲು ನೆಲಕ್ಕೆ ಮೂರು ಸಲ ಬಡಿಯುವುದು ಅದರಲ್ಲೇ. ಹೊಸ ಕಾರ್ನೆಯಲ್ಲಿ ಅದಕ್ಕೆ ಬೇರೆಯೇ ಸಾಲು ಬರೆದಿದ್ದೇನೆ. ಕ್ರಮಸಂಖ್ಯೆ 43: ಮರದ ಕಾಲು, ಬಳಸಿದ್ದು, 1.